ಬೀದರ–ಬೆಳಗಾವಿ: ಐವತ್ತೊಂಬತ್ತು ನಿಮಿಷ

ಹಣಮಂತರಾಯರು ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಅಂಕಗಣಿತ ಕಲಿಸಿದವರು. ಉತ್ತರ ಸರಿಯಿದ್ದೂ ಅದರ ಮುಂದೆ ಮೀಟರೆಂದೋ ಲೀಟರೆಂದೋ ಬರೆಯದ ಹುಡುಗನಿಗೆ ಅವರು ಸೊನ್ನೆ ಹಾಕುತ್ತಿದ್ದರು. “ಐದು ಅಂದರ ಏನು? ಐದು ಎಮ್ಮಿಯೋ, ಐದು ತಾಸೋ?” ಎಂದು ಕೇಳುವರು, ಹುಡುಗ ತಲೆ ತಗ್ಗಿಸಿದ ಮೇಲೆ ಮುಂದಿನ ಹಾಳೆಗೆ ಹೋಗುವರು. ನಿವೃತ್ತರಾಗಿ ಹದಿಮೂರು ವರ್ಷಗಳಾಗಿದ್ದವು. ಹೆಂಡತಿ ಶಿವದೇವಿಯೊಂದಿಗೆ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಎರಡು ಕೋಣೆಯ ಮನೆಯೊಂದರಲ್ಲಿ ಇದ್ದರು. ಮಕ್ಕಳಿರಲಿಲ್ಲ.

ಶಿವದೇವಿಯ ತವರು ಬೀದರ. ಅಲ್ಲಿ ಆಕೆಗೆ ಅಣ್ಣ ಚಂದ್ರಾಮ, ತಮ್ಮ ಸೂರ್ಯಕಾಂತ. ಇಬ್ಬರದೂ ಒಂದೇ ಮನೆ, ಒಂದೇ ಬಟ್ಟೆ ಅಂಗಡಿ. ಆ ಮನೆಯಲ್ಲಿ ಲೆಕ್ಕದ ಪ್ರಶ್ನೆ ಬಂದರೆ ಕೊನೆಯ ಮಾತು ಹಣಮಂತರಾಯರದು. ಮದುವೆಗೆ ಎಷ್ಟು ಸೇರು ಗೋದಿ ಬೇಕು, ಮೂವತ್ತು ಜನ ಶ್ರೀಶೈಲಕ್ಕೆ ಹೊರಟರೆ ಎಷ್ಟು ಗಂಟೆಗೆ ಮನೆ ಬಿಡಬೇಕು—ಫೋನು ನೇರ ಲಿಂಗಂಪಲ್ಲಿಗೆ ಬರುವುದು. “ಮಾಸ್ತರ ಹೇಳ್ಯಾರ” ಎಂದ ಮೇಲೆ ಆ ಮನೆಯಲ್ಲಿ ಯಾರೂ ಮತ್ತೆ ಕೂಡಿ ಕಳೆದು ನೋಡುತ್ತಿರಲಿಲ್ಲ. ಈ ನಂಬಿಕೆಯನ್ನು ಹಣಮಂತರಾಯರು ಎಂದೂ ಬೇಡಿ ಪಡೆದದ್ದಲ್ಲ. ಬಂದದ್ದನ್ನು ಬೇಡವೆಂದದ್ದೂ ಇಲ್ಲ.

ಹಿಂದಿನ ದಸರೆಯ ಮೇಲೆ ಕೊಂಡಾಪುರದ ಒಂದು ಸಣ್ಣ ಕಚೇರಿಯಲ್ಲಿ ಅವರಿಗೆ ಕೆಲಸ ದೊರೆಯಿತು. ಅದನ್ನು ನಡೆಸುವವನು ನಿಶಾಂತ ಎಂಬ ಮೈಸೂರಿನ ತರುಣ. ದೇಶದ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೂ ಅವುಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ತೋರಿಸುವ ಜಾಲತಾಣ ಅವನದು. ಪ್ರತಿ ಜೋಡಿಗೂ ಒಂದು ಪುಟ. ಕನ್ನಡದ ಪುಟಗಳನ್ನು ಓದಿ, ತಿದ್ದಿ, ಒಪ್ಪುವುದಕ್ಕೆ ಒಬ್ಬರು ಬೇಕಾಗಿದ್ದರು. “ಒಟ್ಟು ನೂರ ಮೂವತ್ತೇಳು ನಿಲ್ದಾಣ ಸರ್” ಎಂದು ನಿಶಾಂತ ಹೇಳಿ ಮುಗಿಸುವುದರೊಳಗೆ ಹಣಮಂತರಾಯರು “ಒಂಬತ್ತು ಸಾವಿರದ ಮುನ್ನೂರ ಹದಿನಾರು ಜೋಡಿ” ಎಂದರು. ಹುಡುಗ ಹುಡುಗಿಯರೆಲ್ಲ ಗಣಕದಿಂದ ತಲೆಯೆತ್ತಿ ಅವರನ್ನು ನೋಡಿದರು. ಮಾರನೆಯ ದಿನ ಕಿಟಕಿಯ ಪಕ್ಕದ ಕುರ್ಚಿ ಅವರಿಗೆ ಮೀಸಲಾಯಿತು.

ಲೆಕ್ಕದ ರೀತಿ ಸರಳವಾಗಿತ್ತು. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳಿಂದ ನೇರ ದೂರ; ಆ ದೂರವನ್ನು ಗಂಟೆಗೆ ಎಂಟುನೂರು ಕಿಲೋಮೀಟರಿನಿಂದ ಭಾಗಿಸಿದರೆ ಸಮಯ; ಏರುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಮೇಲೆ ಅರ್ಧ ತಾಸು. ಬೀದರ ಮತ್ತು ಬೆಳಗಾವಿಯ ಪುಟ ಬಂದಾಗ, ತವರಿನ ಹೆಸರೆಂಬ ಕಾರಣಕ್ಕೆ, ಹಣಮಂತರಾಯರು ಯಂತ್ರವನ್ನು ನಂಬದೆ ಹಳೆಯ ಲಾಗರಿದಮ್ ಕೋಷ್ಟಕ ತೆಗೆದು ಎರಡು ಮಧ್ಯಾಹ್ನ ಕೈಯಿಂದಲೇ ಲೆಕ್ಕ ಮಾಡಿದರು. ಮುನ್ನೂರ ಎಂಬತ್ತೊಂದು ಕಿಲೋಮೀಟರು. ಅವಧಿ ಐವತ್ತೊಂಬತ್ತು ನಿಮಿಷ. ಯಂತ್ರವೂ ಅದನ್ನೇ ಹೇಳಿತ್ತು. ಆ ಪುಟದ ಕೊನೆಗೆ ಅವರು ತಾವಾಗಿಯೇ ಒಂದು ಸಾಲು ಸೇರಿಸಿದರು: ‘ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನ ಇರುವುದಿಲ್ಲ.’

ಮಧ್ಯಾಹ್ನದ ಊಟದ ಹೊತ್ತಿಗೆ ನಿಶಾಂತ ಅವರ ಕುರ್ಚಿಯ ಬಳಿಗೆ ಬಂದ.

“ಸರ್, ಆ ಕೊನೇ ಸಾಲು ತೆಗೆದುಬಿಡೋಣ್ವಾ?”

“ಯಾಕೆ? ನಿಜವಲ್ಲವೇ?”

“ನಿಜಾನೇ ಸರ್. ಆದ್ರೆ ಅದನ್ನ ಓದಿದ ತಕ್ಷಣ ಜನ ಪುಟ ಮುಚ್ಚಿ ಹೋಗಿಬಿಡ್ತಾರೆ.”

“ವಿಮಾನವಿಲ್ಲದ ಮೇಲೆ ಹೋಗಬೇಕಾದದ್ದೇ.”

ನಿಶಾಂತ ನಕ್ಕ. “ಸರ್, ಹತ್ತು ಜೋಡಿಲಿ ಒಂಬತ್ತಕ್ಕೆ ವಿಮಾನ ಇಲ್ಲ. ಎಲ್ಲಾದಕ್ಕೂ ಹೀಗೆ ಬರೆದ್ರೆ ನಾವು ಅಂಗಡಿ ಮುಚ್ಚಬೇಕಷ್ಟೆ. ನಾವು ವಿಮಾನ ಇದೆ ಅಂತ ಎಲ್ಲೂ ಹೇಳ್ತಿಲ್ವಲ್ಲ. ಇದ್ರೆ ಐವತ್ತೊಂಬತ್ತು ನಿಮಿಷ ಅಂತಿದೀವಿ.”

“‘ಇದ್ದರೆ’ ಎಂಬ ಮಾತು ಪುಟದಲ್ಲಿ ಎಲ್ಲಿದೆ?”

“ಅದು ಓದೋರಿಗೆ ಅರ್ಥ ಆಗತ್ತೆ ಸರ್. ನೀವು ಹಿರಿಯರು, ನಿಮಗೆ ನಾನೇನು ಹೇಳೋದು. ನೀವೇ ನೋಡಿ.”

ಶಾಲೆಯಲ್ಲಾಗಿದ್ದರೆ ಈ ಉತ್ತರಕ್ಕೆ ಸೊನ್ನೆ ಬೀಳುತ್ತಿತ್ತು. ಆದರೆ ಹದಿಮೂರು ವರ್ಷ ಅವರನ್ನು ಯಾರೂ ಸರ್ ಎಂದಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಇತ್ತು. ಹನ್ನೊಂದಕ್ಕೆ ಯಾರೋ ಕೇಳದೆಯೇ ಚಹಾ ತಂದಿಡುತ್ತಿದ್ದರು. ಹಣಮಂತರಾಯರು ಕೊನೆಯ ಸಾಲನ್ನು ತಮ್ಮ ಬೆರಳಿನಿಂದಲೇ ಅಳಿಸಿದರು. ಉಳಿದದ್ದು ಸರಿಯಾದ ಲೆಕ್ಕ ತಾನೆ, ಎಂದುಕೊಂಡರು.

ಆ ಸಂಜೆ ತವರಿನವರ ವಾಟ್ಸಾಪ್ ಗುಂಪಿಗೆ ಅವರು ಆ ಪುಟವನ್ನು ಕಳುಹಿಸಿದರು. ಇಪ್ಪತ್ತಾರು ಜನರ ಗುಂಪು. ಕೆಳಗೆ ಎರಡೇ ಮಾತು: ‘ನಾನು ಪರಿಶೀಲಿಸಿದ್ದು.’ ಹೂವು, ಕೈಮುಗಿತ, ಚಪ್ಪಾಳೆಗಳ ಚಿತ್ರ ಸಾಲುಗಟ್ಟಿ ಬಂದವು. ‘ಬೆಳಗಾವಿ ಅಂದ್ರ ಇನ್ನ ಬಾಗಲ ಮುಂದ ಬಂತು ಬಿಡ್ರಿ ಮಾಸ್ತರ’ ಎಂದು ಸೂರ್ಯಕಾಂತ ಬರೆದ. ಚಂದ್ರಾಮನ ಒಬ್ಬಳೇ ಮಗಳು ಶಿವಗಂಗಾ ಬೆಳಗಾವಿಯಲ್ಲಿ ಕಾಲೇಜಿನ ಉಪನ್ಯಾಸಕಿ; ಆ ಮಾತು ಅವಳಿಗೆ ಹೊಡೆದದ್ದು. ಕಾಕಾ ಸೂರ್ಯಕಾಂತ ಗೊತ್ತುಮಾಡಿದ ಸಂಬಂಧವನ್ನು ಅವಳು ಒಲ್ಲೆನೆಂದು ನಾಲ್ಕು ಜನರೆದುರು ಹೇಳಿದ್ದಳು. ಎರಡು ವರ್ಷದಿಂದ ಬೀದರದ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಪ್ರತಿ ರವಿವಾರ ತಂದೆಯೊಂದಿಗೆ ಮಾತ್ರ ಫೋನಿನಲ್ಲಿ ಮಾತನಾಡುತ್ತಿದ್ದಳು. ತಾಯಿ ಹಿಂದೆಯೇ ತೀರಿಕೊಂಡಿದ್ದಳು.

ಆ ಗುಂಪಿನಲ್ಲಿ ಶಿವಗಂಗಾಳೂ ಇದ್ದಳು.

ವೈಶಾಖದ ಒಂದು ಮಂಗಳವಾರ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಸೂರ್ಯಕಾಂತನ ಫೋನು ಬಂತು. ಚಂದ್ರಾಮ ಸ್ನಾನಕ್ಕೆಂದು ಎದ್ದವನು ಬಚ್ಚಲಿನ ಬಾಗಿಲಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ. ಎಪ್ಪತ್ನಾಲ್ಕು ವರ್ಷ. ಶಿವದೇವಿ ಫೋನನ್ನು ಗಂಡನ ಕೈಗೆ ಕೊಟ್ಟು ನೆಲಕ್ಕೆ ಕುಳಿತಳು. ಹಣಮಂತರಾಯರು ಏಳೂವರೆಗೆ ಒಂದು ಕಾರು ಗೊತ್ತುಮಾಡಿ ಆಕೆಯನ್ನು ಮುಂದೆ ಕಳುಹಿಸಿದರು. ತಾವು ಹಿಂದೆ ಉಳಿದದ್ದು ಶಿವಗಂಗಾಳಿಗಾಗಿ.

ಅವಳು ಏಳು ಗಂಟೆಗೇ ಫೋನು ಮಾಡಿದ್ದಳು. ಅಳು ನಿಂತ ಮೇಲಿನ ಒಣ ದನಿ.

“ಮಾಮಾ, ಅಪ್ಪನ ಮುಖ ಒಂದು ನೋಡಬೇಕ್ರಿ. ಎರಡು ವರ್ಷ ಆತು ನೋಡಿ. ಆದರ ಆ ಮನಿಯಾಗ ನಾ ಒಬ್ಬಾಕಿ ಹೆಂಗ ಕಾಲಿಡ್ಲಿ? ನೀವು ಕರಕೊಂಡು ಹೋಗ್ತೀರಿ?”

“ಹೋಗ್ತೀನಿ. ಹೊತ್ತಿನ ಲೆಕ್ಕ ಹೇಳ್ತೀನಿ, ಬರಕೊ” ಎಂದರು ಹಣಮಂತರಾಯರು.

ರಸ್ತೆಯಲ್ಲಿ ಬಂದರೆ ಒಂಬತ್ತು ಹತ್ತು ತಾಸು. ನಡುವೆ ಏನಾದರೂ ಆದರೆ ಹೊತ್ತು ಮುಳುಗುತ್ತದೆ. ಬೆಳಗಾವಿಯಿಂದ ಹೈದರಾಬಾದಿಗೆ ಬರುವ ವಿಮಾನ ಒಂದು ಹತ್ತಕ್ಕೆ ಶಂಶಾಬಾದಿನ ನಿಲ್ದಾಣಕ್ಕೆ ಇಳಿಯುತ್ತದೆ. ಹೊರಬರುವುದಕ್ಕೆ ಅರ್ಧ ತಾಸು. ವರ್ತುಲ ರಸ್ತೆ ಹಿಡಿದು, ಬೀದರ ದಾರಿಯಲ್ಲಿರುವ ಪಟಾನ್‌ಚೆರುವಿಗೆ ಎರಡೂ ಮುಕ್ಕಾಲು. ಅಲ್ಲಿ ಅವರು ಕಾರು ನಿಲ್ಲಿಸಿಕೊಂಡು ಕಾದಿರುವರು. ಅಲ್ಲಿಂದ ಬೀದರಕ್ಕೆ ಎರಡೂ ಕಾಲು ತಾಸು. ಐದಕ್ಕೆ ಮನೆ. ಅವರ ಮನೆತನದಲ್ಲಿ ಹೆಣವನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ. ಅದೇ ದಿನ, ಹೊತ್ತು ಮುಳುಗುವ ಮೊದಲು ಆಗಬೇಕು. ಅಂದು ಸೂರ್ಯಾಸ್ತ ಆರೂ ಮೂವತ್ತೆಂಟಕ್ಕೆ. ಒಂದು ತಾಸು ಮೂವತ್ತೆಂಟು ನಿಮಿಷ ಕೈಯಲ್ಲಿ ಉಳಿಯುತ್ತಿತ್ತು. ಇದನ್ನೆಲ್ಲ ಅವರು ಶಿವದೇವಿಗೂ ಹೇಳಿ ಕಳುಹಿಸಿದ್ದರು. ‘ಐದರ ತನಕ ಕಾಯಲಿ’ ಎಂಬುದೊಂದೇ ಬೇಡಿಕೆ.

ಹತ್ತೂ ಕಾಲಿಗೆ ಸೂರ್ಯಕಾಂತನ ಫೋನು ಮತ್ತೆ ಬಂತು. ಹಿಂದೆ ಬಹಳ ಜನ ಮಾತನಾಡುವ ಸದ್ದು.

“ಮಾಸ್ತರ್ರ, ಬೆಳಗಾವಿಯಿಂದ ಬೀದರಕ್ಕ ವಿಮಾನದಾಗ ಎಷ್ಟೊತ್ತು?”

“ಯಾಕ ಕೇಳ್ತಿ?”

“ನೀವು ಕಳಿಸಿದ್ದು ಇಲ್ಲಿ ಎಲ್ಲಾರ ಫೋನಿನ್ಯಾಗೂ ಐತಿ. ಐವತ್ತೊಂಬತ್ತು ನಿಮಿಷ. ಆ ಹುಡುಗಿ ಸಂಜಿ ಐದು ಅಂತಾಳಂತ. ಏಳಕ್ಕ ಸುದ್ದಿ ಮುಟ್ಟೈತಿ ಆಕಿಗೆ. ಐವತ್ತೊಂಬತ್ತು ನಿಮಿಷದ ಹಾದಿಗೆ ಹತ್ತು ತಾಸಾ? ಏನು, ನಡಕೋತ ಬರಾಕತ್ತಾಳೇನು?”

“ಸೂರ್ಯಾ, ಆಕಿ ಹೈದರಾಬಾದ ಮ್ಯಾಲೆ ಬರಾಕತ್ತಾಳ.”

“ಅದನ್ನ ಕೇಳಾಕತ್ತೀನಿ ನಾನು. ನೆಟ್ಟಗ ಬರೂದು ಬಿಟ್ಟು ದೇಶಾ ಸುತ್ತಿ ಯಾಕ ಬರಬೇಕು? ಬರೂ ಮನಸಿಲ್ಲ, ಅಷ್ಟ. ಸಂಬಂಧ ನೋಡಿದಾಗೂ ಹಿಂಗ ಕಾಯಿಸಿ ಕಾಯಿಸಿ ನನ್ನ ಮೂಗು ಕೊಯ್ದ್ಲು. ಇಲ್ಲಿ ಹಿರ್ಯಾರು ಬೈಯಾಕತ್ತಾರ್ರಿ. ಬಿಸಿಲು ನೋಡೀರಿಲ್ಲ? ಅಣ್ಣನ್ನ ಎಷ್ಟೊತ್ತು ಹಂಗ ಕೂಡ್ರಸ್ಲಿ? ನಾನೂ ಅವನ ಒಡಹುಟ್ಟಿದ ತಮ್ಮ ಇದ್ದೀನಿ, ನನ್ನ ಹೊಟ್ಟಿ ಉರಿಯೂದಿಲ್ಲೇನು? ನೀವು ಹೇಳ್ರಿ. ಮತ್ಯಾರ ಮಾತೂ ನನಗ ಬ್ಯಾಡ. ನಿಮ್ಮ ಲೆಕ್ಕ ಸರಿ ಐತೋ, ತಪ್ಪು ಐತೋ?”

ತಪ್ಪು ಎನ್ನಬೇಕಾಗಿತ್ತು. ಒಂದು ಶಬ್ದ, ಹೇಳುವುದಕ್ಕೆ ಅರ್ಧ ಕ್ಷಣವೂ ಹಿಡಿಯದು. ಆದರೆ ಆ ಅರ್ಧ ಕ್ಷಣದಲ್ಲಿ ಹಣಮಂತರಾಯರ ಕಣ್ಣೆದುರು ಬಂದದ್ದು ಮುಖ ನೋಡಬೇಕೆಂದ ಹುಡುಗಿಯಲ್ಲ, ಕೋಷ್ಟಕದ ಸಾಲುಗಳು. ಮುನ್ನೂರ ಎಂಬತ್ತೊಂದು ಸರಿ. ಭಾಗಾಕಾರ ಸರಿ. ಶೇಷವನ್ನು ನಿಮಿಷಕ್ಕೆ ತಿರುಗಿಸಿದ್ದು ಸರಿ. ಸರಿಯಾದ ಲೆಕ್ಕವನ್ನು ಅವರು ಜನ್ಮದಲ್ಲಿ ತಪ್ಪು ಎಂದವರಲ್ಲ. ಫೋನಿನ ಆಚೆ ಯಾರೋ ಮುದುಕರು “ಮಾಸ್ತರ ಏನಂತಾರ? ಮಾಸ್ತರ ಏನಂತಾರ?” ಎಂದು ಕೇಳುತ್ತಿದ್ದರು.

“ಲೆಕ್ಕ ಸರಿ ಐತಿ” ಎಂದರು ಹಣಮಂತರಾಯರು. “ಆದರ—”

“ಸಾಕ್ರಿ” ಎಂದ ಸೂರ್ಯಕಾಂತ. ಅನಂತರ ಅವನ ದನಿ ಫೋನಿನಿಂದ ಆಚೆಗೆ ತಿರುಗಿದ್ದು ಕೇಳಿಸಿತು: “ಕೇಳಿದ್ರಿಲ್ಲ? ಲೆಕ್ಕ ಸರಿ ಐತಿ ಅಂತ ಅವರ ಬಾಯಿಲೆ ಬಂತು!”

ಫೋನು ನಿಂತಿತು.

ಅವರು ತಿರುಗಿ ಮಾಡಿದರು. ಎರಡು ಸಲ ಆ ಕಡೆ ಬೇರೆ ಮಾತು ನಡೆದಿತ್ತು. ಮೂರನೆಯ ಸಲ ಗಂಟೆ ಬಾರಿಸಿ ಬಾರಿಸಿ ಸುಮ್ಮನಾಯಿತು. ಶಿವದೇವಿಯ ಫೋನೂ ಹಾಗೆಯೇ. ಸಾವಿನ ಮನೆಯಲ್ಲಿ ಹೆಂಗಸರ ಫೋನು ಯಾವ ಚೀಲದಲ್ಲಿ ಇರುತ್ತದೆಯೋ ಯಾರಿಗೆ ಗೊತ್ತು. ಉಳಿದದ್ದು ವಾಟ್ಸಾಪ್ ಗುಂಪು. ಅವರು ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು: ‘ಬೀದರ ಬೆಳಗಾವಿ ನಡುವೆ ವಿಮಾನವೇ ಇಲ್ಲ. ಪುಟದಲ್ಲಿ ನಾನು’—ಇಲ್ಲಿಗೆ ಬೆರಳು ನಿಂತಿತು.

‘ನಾನು’ ಆದ ಮೇಲೆ ಏನು ಬರೆಯುವುದು? ಬರೆದ ಸಾಲನ್ನು ತೆಗೆದೆ ಎಂದೇ? ಯಾಕೆ ತೆಗೆದೆ ಎಂದು ಇಪ್ಪತ್ತಾರು ಜನ ಕೇಳುವರು. ಒಬ್ಬ ಹುಡುಗ ಬಂದು ತೆಗೆಯಿರಿ ಎಂದ, ತೆಗೆದೆ ಎಂದೇ? ಅವರು ಆ ವಾಕ್ಯವನ್ನು ಹಿಂದಿನಿಂದ ಮುಂದಕ್ಕೆ ಅಳಿಸಿ ಬೇರೊಂದು ಬರೆದರು: ‘ಶಿವಗಂಗಾ ಸಂಜೆ ಐದಕ್ಕೆ ತಲುಪುತ್ತಾಳೆ. ದಯವಿಟ್ಟು ಅಲ್ಲಿಯವರೆಗೆ ಕಾಯಿರಿ.’ ಇದೂ ಸತ್ಯವೇ. ಕಳುಹಿಸಿದ ಎರಡು ನಿಮಿಷಕ್ಕೆ ಯಾರೋ ಸೋದರ ಸಂಬಂಧಿ ಅದರ ಕೆಳಗೆ ಅವರದೇ ಪುಟವನ್ನು ತಂದು ಅಂಟಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ಐವತ್ತೊಂಬತ್ತು ನಿಮಿಷ. ಅದರ ಕೆಳಗೆ ಒಬ್ಬೊಬ್ಬರಾಗಿ ಬಂದು, ಮಾತಿಲ್ಲದೆ, ಕೈಮುಗಿದು ಹೋದರು. ಸಾವಿನ ದಿನವಾದ್ದರಿಂದ ಹೂವಿನ ಚಿತ್ರ ಹಾಕಲಿಲ್ಲ.

ಒಂದೂ ನಲವತ್ತಕ್ಕೆ ಶಿವದೇವಿ ತಾನಾಗಿ ಫೋನು ಮಾಡಿದಳು. ಆಗ ಹಣಮಂತರಾಯರು ಕಾರಿನಲ್ಲಿ ಪಟಾನ್‌ಚೆರುವಿನ ದಾರಿಯಲ್ಲಿದ್ದರು.

“ಎತ್ತಾಕತ್ತಾರ್ರಿ” ಎಂದಳು. ಪಿಸುದನಿ. ಹಿಂದೆ ಭಜನೆಯವರ ತಾಳದ ಸದ್ದು. “ನಾ ಕಾಲಿಗೆ ಬಿದ್ದೆ. ಕೇಳವಲ್ಲರು. ಎಲ್ಲಾರ ಬಾಯಾಗೂ ಒಂದ ಮಾತು, ಮಾಸ್ತರ ಹೇಳ್ಯಾರ, ಮಾಸ್ತರ ಹೇಳ್ಯಾರ. ಏನಂದ್ರಿ ನೀವು ಇವರಿಗೆ?”

“ಫೋನು ಸೂರ್ಯಾನ ಕೈಯಾಗ ಕೊಡು.”

“ಅವನು ಹೆಗಲು ಕೊಟ್ಟಾನ. ಹೊರಗ ಹೋಗ್ಯಾರ.”

“ಹಂಗಾದರ ಓಡಿ ಹೋಗಿ ಹೇಳು. ಬೆಳಗಾವಿಯಿಂದ ಬೀದರಕ್ಕ ವಿಮಾನ ಇಲ್ಲ. ಇಲ್ಲವೇ ಇಲ್ಲ.”

ತಾಳದ ಸದ್ದು ದೂರವಾಗುತ್ತ ಹೋಯಿತು. ಶಿವದೇವಿ ಕೇಳಿದಳು:

“ಮತ್ತ ಯಾಕ ಬರದ್ರಿ?”

ನಲವತ್ತೈದು ವರ್ಷದ ಸಂಸಾರದಲ್ಲಿ ಆಕೆ ಅವರ ಲೆಕ್ಕದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಕೇಳಿ ಆಕೆ ಫೋನು ಇಟ್ಟಳು.

ಪಟಾನ್‌ಚೆರುವಿನಲ್ಲಿ ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಕಾರ್ಖಾನೆಯ ಬಸ್ಸುಗಳು ಒಂದರ ಹಿಂದೊಂದು ನಿಂತು ಜನರನ್ನು ಇಳಿಸುತ್ತಿದ್ದವು. ಗಾಳಿಯಲ್ಲಿ ಗಂಟಲು ಕೆರೆಯುವ ಔಷಧಿಯ ಘಾಟು. ಡ್ರೈವರು ಎರಡು ಸಲ “ಇಕ್ಕಡ ಆಪನಿವ್ವರು ಸಾರ್”, ಇಲ್ಲಿ ನಿಲ್ಲಿಸಲು ಬಿಡುವುದಿಲ್ಲ, ಎಂದು ಗೊಣಗಿ ಕಾರನ್ನು ಹತ್ತು ಮಾರು ಮುಂದೆ ಸರಿಸಿದ. ಎರಡೂ ನಲವತ್ತೆರಡಕ್ಕೆ ಶಿವಗಂಗಾಳ ಟ್ಯಾಕ್ಸಿ ಬಂತು. ಹಣಮಂತರಾಯರು ಹೇಳಿದ್ದಕ್ಕಿಂತ ಮೂರು ನಿಮಿಷ ಮೊದಲು.

ಅವಳು ಒಂದು ಸಣ್ಣ ಚೀಲ ಹಿಡಿದು ಇಳಿದಳು. ಕಂಕುಳಲ್ಲಿ ಕಾಗದ ಸುತ್ತಿದ ಬಿಳಿಯ ಶಾಲು. ತಂದೆಗೆ ಹೊದಿಸಲು ಮಗಳು ತರಬೇಕಾದದ್ದು. ಬೆಳಗಾವಿಯಲ್ಲಿ ಅಂಗಡಿಯ ಬಾಗಿಲು ಬಡಿದು ತೆಗೆಸಿ ಕೊಂಡಿದ್ದಳಂತೆ. ಕಾರಿನ ಬಾಗಿಲಿಗೆ ಕೈಯಿಟ್ಟವಳು ಹಣಮಂತರಾಯರ ಮುಖ ನೋಡಿ ಅಲ್ಲೇ ನಿಂತಳು.

“ಆತೇನ್ರಿ?”

“ಎರಡೂ ಇಪ್ಪತ್ತಕ್ಕ. ಈಗ ಗುಂಪಿನ್ಯಾಗ ಬಂತು.”

ಅವಳು ಕೈಗಡಿಯಾರ ನೋಡಿಕೊಂಡಳು. ಇಪ್ಪತ್ತೆರಡು ನಿಮಿಷ ಹಿಂದೆ. ಆಗ ಅವಳು ವರ್ತುಲ ರಸ್ತೆಯ ಮೇಲೆ ಎಲ್ಲಿದ್ದಳೆಂದು ಹಣಮಂತರಾಯರು ಬೇಕಾದರೆ ಹೇಳಬಲ್ಲವರಾಗಿದ್ದರು.

“ನಿಮ್ಮ ಪುಟ ಹಾಕಿದ್ದು ಮುಂಜಾನೆ ಗುಂಪಿನ್ಯಾಗ ನೋಡಿದೆ” ಎಂದಳು ಶಿವಗಂಗಾ. “ನಾನೂ ಬರೀಬೇಕಂದೆ, ವಿಮಾನ ಇಲ್ರೆಪಾ ಅಂತ. ನಾ ಬರದ್ರ ಯಾರು ನಂಬ್ತಾರ? ಮಾಮಾ ಹೇಳ್ತಾರ ಅಂದಕೊಂಡೆ. ನೀವು ಹೇಳಿದ್ರಿಲ್ಲ, ಮಾಮಾ?”

ಸುಳ್ಳು ಹೇಳುವುದಕ್ಕೆ ಅಲ್ಲಿ ಅವಕಾಶವಿತ್ತು. ಫೋನು ತಾಗಲಿಲ್ಲ ಎಂದಿದ್ದರೆ ಮುಕ್ಕಾಲು ಪಾಲು ನಿಜವೇ ಆಗುತ್ತಿತ್ತು.

“ಸೂರ್ಯಾ ಕೇಳಿದ, ಲೆಕ್ಕ ಸರಿ ಐತೋ ತಪ್ಪು ಐತೋ ಅಂತ. ಸರಿ ಐತಿ ಅಂದೆ. ಮುಂದಿಂದು ಅವನು ಕೇಳಲಿಲ್ಲ.”

ಶಿವಗಂಗಾ ಬಸ್ಸಿನಿಂದಿಳಿಯುತ್ತಿದ್ದ ಜನರ ಕಡೆ ನೋಡುತ್ತಿದ್ದಳು. ಬೈಯುತ್ತಾಳೆಂದು ಅವರು ಕಾದರು.

“ಸರಿನ ಐತಲ್ರಿ” ಎಂದಳು.

ಡ್ರೈವರು ಮತ್ತೊಮ್ಮೆ ಹಾರನ್ನು ಒತ್ತಿ, ಬೀದರ ಹೋಗುವುದೋ ಬಿಡುವುದೋ ಎಂದು ಹಿಂದಿಯಲ್ಲಿ ಕೇಳಿದ. ಶಿವಗಂಗಾ ತಾನೇ ಉತ್ತರ ಕೊಟ್ಟಳು. ಮಣ್ಣು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ, ಕಾರು ತಿರುಗಿಸು. ಅವಳ ತಿರುಗಿ ಹೋಗುವ ವಿಮಾನಕ್ಕೆ ಶುಕ್ರವಾರದವರೆಗೆ ಚೀಟಿ ಸಿಗಲಿಲ್ಲ. ಅಲ್ಲಿಯ ತನಕ ಲಿಂಗಂಪಲ್ಲಿಯ ಮನೆಯ ಒಳಕೋಣೆಯಲ್ಲಿ ಉಳಿದಳು. ಹೊತ್ತು ಹೊತ್ತಿಗೆ ತಾನೇ ಅಡುಗೆ ಮಾಡಿ ಮಾಮನಿಗೆ ಬಡಿಸುವಳು. ಅನ್ನ ಬೇಕೇ, ಸಾರು ಬೇಕೇ ಎಂದು ಕೇಳುವಳೇ ಹೊರತು ಬೇರೆ ಮಾತಿಲ್ಲ.

ಬುಧವಾರ ಹಣಮಂತರಾಯರು ಕೊಂಡಾಪುರಕ್ಕೆ ಹೋಗಿ ನಿಂತುಕೊಂಡೇ ನಡೆದದ್ದನ್ನು ನಿಶಾಂತನಿಗೆ ಹೇಳಿದರು. ಅಳಿಸಿದ ಸಾಲನ್ನು ಈಗಲೇ ಮರಳಿ ಹಾಕಬೇಕೆಂದರು. ನಿಶಾಂತನ ಮುಖ ನಿಜವಾಗಿಯೂ ಸಣ್ಣದಾಯಿತು.

“ಛೆ ಸರ್. ತುಂಬ ಬೇಜಾರಾಯ್ತು. ಮೊದಲು ಕೂತ್ಕೊಳ್ಳಿ.” ಗಣಕದಲ್ಲಿ ಏನನ್ನೋ ತೆರೆದು ನೋಡಿದ, ಅವನ ಹುಬ್ಬು ತಾನಾಗಿ ಏರಿತು. “ಸರ್, ಈ ಪುಟಕ್ಕೆ ನಿನ್ನೆ ಒಂದೇ ದಿನ ನಲವತ್ತೊಂದು ಸಲ ಜನ ಬಂದಿದ್ದಾರೆ. ಶುರುವಾದಾಗಿಂದ ಮೊನ್ನೆವರೆಗೆ ಒಟ್ಟು ಹದಿನಾರು. ಕನ್ನಡದ ಯಾವ ಪುಟಕ್ಕೂ ಇಷ್ಟು ಬಂದಿಲ್ಲ.”

“ಬಂದವರು ಯಾರೆಂದು ನನಗೆ ಗೊತ್ತು” ಎಂದರು ಹಣಮಂತರಾಯರು.

“ಹೌದು ಸರ್, ಆದ್ರೆ ಈಗ ಇದನ್ನ ಮುಟ್ಟಿದ್ರೆ ಹುಡುಕಾಟದ ಪಟ್ಟೀಲಿ ಕೆಳಗೆ ಬಿದ್ದುಹೋಗತ್ತೆ. ಒಂದು ತಿಂಗಳು ಹೋಗ್ಲಿ. ಆಮೇಲೆ ನಾನೇ ಖಂಡಿತ ಹಾಕಿಸ್ತೀನಿ. ನೀವು ಎಷ್ಟು ದಿನ ಬೇಕಾದ್ರೂ ರಜ ತಗೊಳ್ಳಿ.”

ಕಿಟಕಿಯ ಪಕ್ಕದ ಕುರ್ಚಿಯ ಬೆನ್ನಿಗೆ ಹಾಕಿದ್ದ ತಮ್ಮ ಟವೆಲನ್ನು ತೆಗೆದುಕೊಂಡು ಹಣಮಂತರಾಯರು ಮನೆಗೆ ಬಂದರು.

ಮೂರನೆಯ ದಿನದ ಕಾರ್ಯ ಮುಗಿಸಿ ಗುರುವಾರ ಸಂಜೆ ಸೂರ್ಯಕಾಂತ ಅಕ್ಕನನ್ನು ಬಿಡಲು ತನ್ನ ಕಾರಿನಲ್ಲಿ ಬಂದ. ಹನ್ನೊಂದನೆಯ ದಿನದ ಗಣಾರಾಧನೆಗೆ ಮಾಸ್ತರನ್ನು ತಾನೇ ಕಂಡು ಕರೆಯಬೇಕೆಂಬುದೂ ಇತ್ತು. ಗಡ್ಡ ಬೆಳೆದಿತ್ತು, ಮೂರು ದಿನದಲ್ಲಿ ಮುದುಕನಂತಾಗಿದ್ದ. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಯಾರಿದ್ದಾರೆಂದು ಅವನಿಗೆ ಗೊತ್ತಿತ್ತು; ಆ ಕಡೆ ಬೆನ್ನು ಮಾಡಿ ಕುಳಿತ. ಶಿವದೇವಿ ತಂದಿಟ್ಟ ಚಹಾವನ್ನು ಮುಟ್ಟಲಿಲ್ಲ.

“ನೀವು ಬಂದು ಮುಂದ ನಿಂತರ ಎಲ್ಲಾ ಸುಸೂತ್ರ ಆಕ್ಕೈತಿ, ಮಾಸ್ತರ್ರ. ಹಿರ್ಯಾರೆಲ್ಲಾ ನಿಮ್ಮನ್ನ ಕೇಳಾಕತ್ತಾರ.”

ಹಣಮಂತರಾಯರು ಎದ್ದು ನಿಂತರು. ತರಗತಿಯಲ್ಲಿ ಮುಖ್ಯವಾದದ್ದನ್ನು ಹೇಳುವಾಗ ನಿಲ್ಲುತ್ತಿದ್ದಂತೆ, ಕೈಗಳನ್ನು ಹಿಂದೆ ಕಟ್ಟಿಕೊಂಡು.

“ಸೂರ್ಯಾ, ಕೇಳು. ಬೀದರಕ್ಕೂ ಬೆಳಗಾವಿಗೂ ನಡುವ ವಿಮಾನ ಇಲ್ಲ. ನನಗ ಮೊದಲ ಗೊತ್ತಿತ್ತು. ಇಲ್ಲ ಅಂತ ಬರದಿದ್ದೆ, ಬರದು ಅಳಿಸಿದೆ. ಹಾರೂದ ಇಲ್ಲದ್ದಕ್ಕ ಹೊತ್ತು ಹೇಳೂದು ಸುಳ್ಳು. ಹುಡುಗಿ ಒಂದು ನಿಮಿಷ ಸೈತ ತಡಾ ಮಾಡಿಲ್ಲ. ತಪ್ಪು ನನ್ನದು.”

ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಸದ್ದು ನಿಂತಿತು.

ಸೂರ್ಯಕಾಂತ ತಲೆಯೆತ್ತಿ ಅವರನ್ನು ನೋಡಿದ. ಅವನ ಕಣ್ಣಿನಲ್ಲಿ ನೀರು ಬಂತು.

“ದೊಡ್ಡವರು ನೀವು” ಎಂದ. “ಮನ್ಯಾಗ ಹುಡುಗಿ ಐತಿ, ಆಕಿ ಮರ್ಯಾದಿ ಉಳೀಬೇಕಂತ ನಿಮ್ಮ ಲೆಕ್ಕಾನ ಸುಳ್ಳು ಮಾಡ್ಕೋತೀರಿ. ಜನ್ಮದಾಗ ಸುಳ್ಳು ಆಡದವರು, ಆಕಿ ಸಲುವಾಗಿ ಮೊದಲನೇ ಸಲ ಆಡಾಕತ್ತೀರಿ.”

“ಸುಳ್ಳಲ್ಲ, ಸೂರ್ಯಾ.”

“ಹಂಗಾದರ ಇದೇನ್ರಿ?” ಅವನು ಕಿಸೆಯಿಂದ ಫೋನು ತೆಗೆದು ಬೆರಳಾಡಿಸಿ ಮುಂದೆ ಹಿಡಿದ. ಮುನ್ನೂರ ಎಂಬತ್ತೊಂದು ಕಿಲೋಮೀಟರು. ಐವತ್ತೊಂಬತ್ತು ನಿಮಿಷ. “ಇನ್ನೂ ಹಂಗ ಐತಿ. ಸುಳ್ಳಾಗಿದ್ದರ ನೀವು ಮೂರು ದಿನಾ ಇದನ್ನ ಹಿಂಗ ಬಿಡೂ ಮನಶ್ಯಾ ಏನು? ನಮಗ ಗೊತ್ತಿಲ್ಲೇನು ನೀವು?”

“ಬಾ, ನಾ ತೋರಸ್ತೀನಿ. ಯಾವ ಊರಿಂದ ಯಾವ ಊರಿಗೆ ವಿಮಾನ ಐತಿ ಅನ್ನೂ ಪಟ್ಟಿ ಐತಿ. ನಿನ್ನ ಕಣ್ಣಿಲೆ ನೋಡು.”

“ಬ್ಯಾಡ್ರಿ.” ಅವನು ಕೈಯೆತ್ತಿ ತಡೆದ. “ಬ್ಯಾಡ. ತೋರಸಬ್ಯಾಡ್ರಿ.”

ಆಗ ಹಣಮಂತರಾಯರಿಗೆ ತಿಳಿಯಿತು. ಆ ಪಟ್ಟಿಯನ್ನು ನೋಡಿದರೆ ಸೂರ್ಯಕಾಂತ, ಹಾದಿಯಲ್ಲಿದ್ದ ಮಗಳನ್ನು ಕಾಯದೆ ಅಣ್ಣನಿಗೆ ಮಣ್ಣು ಕೊಟ್ಟವನಾಗುತ್ತಾನೆ. ಉಳಿದ ಆಯುಷ್ಯವನ್ನೆಲ್ಲ ಅದರ ಜೊತೆ ಕಳೆಯಬೇಕು. ಐವತ್ತೊಂಬತ್ತು ನಿಮಿಷ ಇರುವವರೆಗೆ ಅವನು ಬದುಕಬಲ್ಲ. ಅದನ್ನು ಅವನು ಇನ್ನು ಯಾರಿಗೂ ಬಿಟ್ಟುಕೊಡುವವನಲ್ಲ, ಬರೆದವರಿಗೂ ಸಹ.

ಒಳಕೋಣೆಯ ಬಾಗಿಲು ಪೂರ್ತಿ ತೆರೆಯಿತು. ಶಿವಗಂಗಾ ಹೊರಗೆ ಬಂದು ಕಾಕಾನ ಎದುರಿಗೆ ನಿಂತಳು. ಅವನ ಬೆಳೆದ ಗಡ್ಡವನ್ನೂ ಆರುತ್ತಿದ್ದ ಚಹಾವನ್ನೂ ನೋಡಿದಳು.

“ಕಾಕಾ, ವಿಮಾನ ಇತ್ರಿ” ಎಂದಳು. “ನಾನ ಹತ್ತಲಿಲ್ಲ. ಮನಸ್ಸಾಗಲಿಲ್ಲ. ಬೆಳಗಾವಿಯಾಗ ಸುಮ್ಮನ ಕುಂತಿದ್ದೆ.”

“ಶಿವಗಂಗಾ!” ಎಂದಳು ಶಿವದೇವಿ.

“ಇರ್ಲಿ ಬಿಡ್ರಿ ಅತ್ತಿ. ಮಾಮಾ ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾರ. ಅವರ ಲೆಕ್ಕ ಸರಿ ಐತಿ.”

ಅವಳು ಇದನ್ನು ಕಾಕಾನ ಕಡೆ ನೋಡಿ ಹೇಳಲಿಲ್ಲ. ಹಣಮಂತರಾಯರ ಕಡೆ ನೋಡಿ ಹೇಳಿದಳು. ಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲಿಟ್ಟು ಹೋಗುವ ಹುಡುಗಿಯ ಮುಖದಲ್ಲಿ ಇರುವಷ್ಟೇ ಭಾವ ಅವಳ ಮುಖದಲ್ಲಿತ್ತು.

ಸೂರ್ಯಕಾಂತನ ಎದೆಯಿಂದ ದೊಡ್ಡ ಉಸಿರೊಂದು ಹೊರಗೆ ಬಂತು. “ಇಷ್ಟ ಅವತ್ತ ಅಂದಿದ್ರ ಆಗಿತ್ತಲ್ಲ ಮಗಳ” ಎಂದ. ಅನಂತರ ಕಪ್ಪನ್ನು ಎತ್ತಿಕೊಂಡು, ಕೆನೆಗಟ್ಟಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಹೊರಡುವಾಗ ಹನ್ನೊಂದನೆಯ ದಿನಕ್ಕೆ ಅವಳೂ ಬರಬೇಕೆಂದು ಕರೆದ. ದನಿಯಲ್ಲಿ ಹಿಂದಿನ ಸಿಟ್ಟು ಇರಲಿಲ್ಲ. ಬಾಗಿಲಲ್ಲಿ ಹಣಮಂತರಾಯರ ಪಾದ ಮುಟ್ಟಿದ.

ಕಾರಿನ ಸದ್ದು ಬೀದಿಯ ತಿರುವು ದಾಟಿದ ಮೇಲೆ ಶಿವದೇವಿ ಖಾಲಿ ಕಪ್ಪನ್ನು ಎತ್ತಿಕೊಂಡು, ಗಂಡನ ಕಡೆ ನೋಡದೆ, ಹುಡುಗಿಯನ್ನು ಕೇಳಿದಳು:

“ನಾಳಿಗೆ ಎಷ್ಟಕ್ಕ ಮನಿ ಬಿಡ್ತಿ, ಅವ್ವಾ?”

“ಎಂಟಕ್ಕ ಬಿಡಬೇಕ್ರಿ ಅತ್ತಿ. ಇಲ್ಲಂದ್ರ ವಿಮಾನ ಸಿಗೂದಿಲ್ಲ.”

ಅವಳ ವಿಮಾನ ಮಧ್ಯಾಹ್ನ ಮೂರೂವರೆಗೆ ಇತ್ತು. ಹನ್ನೆರಡಕ್ಕೆ ಬಿಟ್ಟರೂ ಹೊತ್ತು ಉಳಿಯುತ್ತಿತ್ತು. ಹಣಮಂತರಾಯರು ಫೋನು ಮಾಡಿ ಎಂಟಕ್ಕೇ ಕಾರು ಬರಹೇಳಿದರು.